ಸೆಮಿ-ಆಟೋ ಪ್ರಿಸಿಷನ್ ರೈಫಲ್ ಕೊಳ್ಳುವ ಮುಂಚೆ: ಹೋಲಿಸಿ ನೋಡುವುದು ಹೇಗೆ?

ಮೂರು ಗುಂಡುಗಳು ಹೆಚ್ಚುಕಡಿಮೆ ಒಂದೇ ತೂತಿನಲ್ಲಿ ಹೋಗಿರುವ ಗುರಿಹಲಗೆಯ ಫೋಟೋ, ಪಕ್ಕದಲ್ಲಿ ಅಳತೆಗೆ ಒಂದು ನಾಣ್ಯ, ಕೆಳಗೆ "ಅರ್ಧ ಎಂಓಎ ರೈಫಲ್" ಎಂಬ ಬರಹ. (ಎಂಓಎ ಅಂದರೆ ಗುಂಡುಗಳು ಎಷ್ಟು ಹತ್ತಿರ ಹತ್ತಿರ ಬಿದ್ದಿವೆ ಎಂದು ಹೇಳುವ ಅಳತೆ, ವಿವರ ಹೆಜ್ಜೆ 4ರಲ್ಲಿ.) ಮಾರುವವರೂ ಇದನ್ನೇ ತೋರಿಸುತ್ತಾರೆ, ಕೊಂಡವರೂ ಇದನ್ನೇ ತೋರಿಸುತ್ತಾರೆ. ಫೋಟೋ ಸುಳ್ಳೇನಲ್ಲ. ಆದರೆ ಎರಡು ರೈಫಲ್‌ಗಳಲ್ಲಿ ಒಂದನ್ನು ಆರಿಸಲು ಅದರಿಂದ ಆಗುವ ಸಹಾಯ ತೀರಾ ಕಡಿಮೆ. ಒಂದು ಒಳ್ಳೆಯ ಗ್ರೂಪ್ (ಒಂದೇ ಗುರಿಗೆ ಹೊಡೆದ ಗುಂಡುಗಳ ತೂತಿನ ಗುಂಪು) ಯಾವ ರೈಫಲ್‌ನಿಂದಲೂ ಬರಬಹುದು. ಅದೇ ಗ್ರೂಪ್ ಮತ್ತೆ ಮತ್ತೆ ಬರುತ್ತದಾ, ಮ್ಯಾಗಜೀನ್ ಖಾಲಿಯಾಗುವವರೆಗೂ ಬರುತ್ತದಾ ಅನ್ನುವುದನ್ನು ನೋಡಬೇಕು. ಈ ಲೇಖನ ಗುರಿಹಲಗೆಗೆ ಹೊಡೆಯುವ ಕ್ರೀಡಾ ಶೂಟರ್‌ಗಳಿಗಾಗಿ.

ಹೆಜ್ಜೆ 1: ಮೊದಲು ಕಾನೂನು, ಆಮೇಲೆ ಕ್ಯಾಟಲಾಗ್

ಸೆಮಿ-ಆಟೋ ಅಂದರೆ ಟ್ರಿಗರ್ ಒಂದು ಸಲ ಎಳೆದರೆ ಒಂದು ಗುಂಡು ಹೊಡೆದು, ಮುಂದಿನದನ್ನು ತಾನೇ ತುಂಬಿಕೊಳ್ಳುವ ರೈಫಲ್. ಇದರ ವಿಷಯದಲ್ಲಿ ಒಂದೊಂದು ದೇಶಕ್ಕೂ ಒಂದೊಂದು ನಿಯಮ. ಬ್ರಿಟನ್ನಿನಲ್ಲಿ 1988ರ ಕಾಯ್ದೆಯ ನಂತರ .22 ರಿಮ್‌ಫೈರ್ ಬಿಟ್ಟು ಉಳಿದ ಸೆಮಿ-ಆಟೋ ರೈಫಲ್‌ಗಳು ಸಾಮಾನ್ಯ ಜನರಿಗೆ ಸಿಗುವುದಿಲ್ಲ. ಆಸ್ಟ್ರೇಲಿಯಾ 1996ರಲ್ಲಿ, ನ್ಯೂಜಿಲೆಂಡ್ 2019ರಲ್ಲಿ ತುಂಬಾ ಬಿಗಿ ಮಾಡಿದವು. ಕೆನಡಾ 2020ರಲ್ಲಿ ಎಆರ್-15 ಮತ್ತು ಅದರ ಜಾತಿಯ ಹಲವು ಮಾದರಿಗಳನ್ನು ನಿಷೇಧದ ಪಟ್ಟಿಗೆ ಸೇರಿಸಿತು. ಅಮೆರಿಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ನಿಯಮ ಬದಲಾಗುತ್ತದೆ. ಮ್ಯಾಗಜೀನ್‌ನಲ್ಲಿ ಎಷ್ಟು ಗುಂಡು ಹಿಡಿಯಬಹುದು, ಸ್ಟಾಕ್ ಹೇಗಿರಬೇಕು ಎಂಬುದಕ್ಕೂ ಕೆಲವು ಕಡೆ ಮಿತಿ ಇದೆ.

ಹಾಗಾಗಿ ನಿಮ್ಮ ಲೈಸೆನ್ಸಿನಲ್ಲಿ ಯಾವ ವರ್ಗ, ಯಾವ ಕ್ಯಾಲಿಬರ್ ಬರೆದಿದೆ, ನಿಮ್ಮ ರೇಂಜ್ ಏನನ್ನು ಒಪ್ಪುತ್ತದೆ ಎಂದು ಬರಹದಲ್ಲಿ ಕೇಳಿಕೊಳ್ಳಿ. ಅಂಗಡಿಯವರ ಬಾಯಿಮಾತು ಸಾಲದು. ಪಟ್ಟಿಯಿಂದ ಅರ್ಧ ಮಾದರಿಗಳು ಇಲ್ಲೇ ಬಿದ್ದು ಹೋಗುತ್ತವೆ. ಅದು ಒಳ್ಳೆಯದೇ.

ಹೆಜ್ಜೆ 2: ಸೆಮಿ-ಆಟೋ ನಿಮಗೆ ನಿಜಕ್ಕೂ ಬೇಕಾ?

ಇದೇ ದುಡ್ಡಿಗೆ ಬೋಲ್ಟ್ ಆಕ್ಷನ್ ರೈಫಲ್ (ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆದು ತುಂಬುವಂಥದ್ದು) ಜಾಸ್ತಿ ನಿಖರವಾಗಿ ಹೊಡೆಯುತ್ತದೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡಿ. ಬೋಲ್ಟ್ ಗನ್ನಿನಲ್ಲಿ ಗುಂಡು ಹೊರಡುವಾಗ ಅಲುಗಾಡುವ ಭಾಗಗಳು ಕಡಿಮೆ. ಸೆಮಿ-ಆಟೋದಲ್ಲಿ ಭಾರವಾದ ಹ್ಯಾಮರ್ ಬೀಳುತ್ತದೆ, ಬ್ಯಾರೆಲ್‌ಗೆ ಗ್ಯಾಸ್ ಬ್ಲಾಕ್ (ಗುಂಡು ಸಿಡಿದ ಗ್ಯಾಸಿನ ಒಂದು ಪಾಲನ್ನು ಮುಂದಿನ ಗುಂಡು ತುಂಬಲು ತಿರುಗಿಸುವ ಭಾಗ) ಅಂಟಿಕೊಂಡಿರುತ್ತದೆ, ಬೋಲ್ಟ್ ಕ್ಯಾರಿಯರ್ (ಬೋಲ್ಟನ್ನು ಹೊತ್ತ ಭಾಗ) ಹಿಂದೆ ಹೋಗಿ ಮುಂದೆ ಬಂದು ಬಡಿಯುತ್ತದೆ. ಪ್ರತಿ ಸಲವೂ ಎಲ್ಲವೂ ಒಂದೇ ಥರ ಆಗಬೇಕು.

ಇದಕ್ಕೆ ಬದಲಾಗಿ ಸಿಗುವುದು ಎರಡನೇ ಗುಂಡಿನ ವೇಗ. ಕೈ ಎತ್ತದೆ, ಕೆನ್ನೆ ಅಲ್ಲಾಡಿಸದೆ ಮುಂದಿನ ಗುಂಡು ಹೊಡೆಯಬಹುದು. ಸಮಯದ ಮಿತಿ ಇರುವ ಸ್ಪರ್ಧೆಗಳಲ್ಲಿ ಇದಕ್ಕೆ ಬೆಲೆ ಇದೆ. ಅಮೆರಿಕದ ಸರ್ವೀಸ್ ರೈಫಲ್ (ಸೇನಾ ಮಾದರಿಯ ರೈಫಲ್) ಪಂದ್ಯಗಳಲ್ಲಿ 200, 300, 600 ಗಜಗಳಲ್ಲಿ ಹೊಡೆಯುತ್ತಾರೆ. ಅಲ್ಲಿ ರ‍್ಯಾಪಿಡ್ ಫೈರ್ ಸುತ್ತುಗಳೂ ಇರುತ್ತವೆ. ಒಲಿಂಪಿಕ್ಸಿನ 50 ಮೀಟರ್ ರೈಫಲ್ ಆಡುವ ಆಸೆ ಇದ್ದರೆ ಈ ಲೇಖನವನ್ನು ಇಲ್ಲಿಗೇ ಬಿಡಬಹುದು. ಅಲ್ಲಿ ಬೇಕಾಗುವುದು ಒಂದೊಂದೇ ಗುಂಡು ತುಂಬಿ ಹೊಡೆಯುವ .22 ರೈಫಲ್.

ಸ್ಪರ್ಧೆಗೆ ಅಂತಲೇ ಕೊಳ್ಳುವವರು ನಿಯಮಪುಸ್ತಕವನ್ನು ಮುಂದಿಟ್ಟುಕೊಂಡು ಹೋಲಿಸಿ. ಅದೇ ಸರ್ವೀಸ್ ರೈಫಲ್ ಪಂದ್ಯದಲ್ಲಿ ಟ್ರಿಗರ್ ಕನಿಷ್ಠ 4.5 ಪೌಂಡ್ ಎಳೆತ ಇರಬೇಕು, ಸ್ಕೋಪ್ 4.5 ಪಟ್ಟಿಗಿಂತ ಹೆಚ್ಚು ದೊಡ್ಡದು ಮಾಡಿ ತೋರಿಸುವಂತಿಲ್ಲ. ದುಬಾರಿ ಹಗುರ ಟ್ರಿಗರ್ ಹಾಕಿಸಿಕೊಂಡು ಹೋದರೆ ತಪಾಸಣೆಯ ಮೇಜಿನಿಂದಲೇ ವಾಪಸ್.

ಹೆಜ್ಜೆ 3: ಕ್ಯಾಲಿಬರ್ ತೀರ್ಮಾನ ಮಾಡಿ

ಬೇರೆ ಬೇರೆ ಕ್ಯಾಲಿಬರಿನ ರೈಫಲ್‌ಗಳನ್ನು ಹೋಲಿಸುತ್ತಾ ಕೂತರೆ ತಲೆ ಕೆಡುತ್ತದೆ. ಮೊದಲು ಕ್ಯಾಲಿಬರ್, ಆಮೇಲೆ ರೈಫಲ್.

.223 ರೆಮಿಂಗ್ಟನ್: ಗುಂಡು ಅಗ್ಗ, ಹಿಮ್ಮೊಗದ ಒದೆತ ಕಡಿಮೆ, ರೈಫಲ್ ಹಗುರ. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಭಾರದ 77 ಗ್ರೇನ್ (ಗುಂಡಿನ ತೂಕದ ಅಳತೆ) ಗುಂಡು ಹೊಡೆಯುವುದಾದರೆ ಬ್ಯಾರೆಲ್ಲಿನ ಟ್ವಿಸ್ಟ್ (ಒಳಗಿನ ಸುರುಳಿ ಗೆರೆ ಎಷ್ಟು ಇಂಚಿಗೆ ಒಂದು ಸುತ್ತು ಬರುತ್ತದೆ ಎಂಬುದು) 1:8 ಅಥವಾ 1:7 ಇರಬೇಕು. 1:12 ಇದ್ದರೆ ಅಂಥ ಗುಂಡು ಗಾಳಿಯಲ್ಲಿ ನೆಟ್ಟಗೆ ನಿಲ್ಲುವುದೇ ಇಲ್ಲ. ಚೇಂಬರ್ (ಬ್ಯಾರೆಲ್ ಹಿಂಬದಿಯಲ್ಲಿ ಗುಂಡು ಕೂರುವ ಗೂಡು) ಯಾವುದು ಅಂತಲೂ ಕೇಳಿ. .223 ಚೇಂಬರಿನಲ್ಲಿ ಮಿಲಿಟರಿ 5.56 ಗುಂಡು ಹಾಕಬಾರದು, ಒತ್ತಡ ಮಿತಿ ಮೀರಬಹುದು. .223 ವೈಲ್ಡ್ ಎಂಬ ಚೇಂಬರ್ ಎರಡನ್ನೂ ತೆಗೆದುಕೊಳ್ಳುತ್ತದೆ. ನಿಖರತೆಯೂ ಚೆನ್ನಾಗಿರುತ್ತದೆ.

.308 ವಿಂಚೆಸ್ಟರ್: 1952ರಿಂದ ಇದೆ. ಎಲ್ಲ ಕಡೆ ಮ್ಯಾಚ್ ದರ್ಜೆಯ (ಸ್ಪರ್ಧೆಗೆಂದೇ ನಿಖರವಾಗಿ ಮಾಡಿದ) ಗುಂಡು ಸಿಗುತ್ತದೆ. 168 ಮತ್ತು 175 ಗ್ರೇನ್ ಗುಂಡುಗಳನ್ನೇ ಅಳತೆಗೋಲು ಅಂತ ಎಲ್ಲರೂ ಬಳಸುತ್ತಾರೆ, ಅದರಿಂದ ಹೋಲಿಕೆ ಸುಲಭ. ಬ್ಯಾರೆಲ್ ಬಾಳಿಕೆ ಜಾಸ್ತಿ. ಒದೆತವೂ ಜಾಸ್ತಿ.

6.5 ಕ್ರೀಡ್‌ಮೂರ್: ಹಾರ್ನಡಿ ಕಂಪನಿ ಸುಮಾರು 2007-08ರಲ್ಲಿ ತಂದದ್ದು. ಗಾಳಿಗೆ .308ಗಿಂತ ಕಡಿಮೆ ವಾಲುತ್ತದೆ, ಒದೆತವೂ ಸ್ವಲ್ಪ ಕಡಿಮೆ. ಆದರೆ ಬ್ಯಾರೆಲ್ ಬೇಗ ಸವೆಯುತ್ತದೆ. ಶೂಟರ್‌ಗಳ ನಡುವಿನ ವಾಡಿಕೆಯ ಲೆಕ್ಕ 2000ದಿಂದ 3000 ಗುಂಡು. .308 ಬ್ಯಾರೆಲ್ 5000 ದಾಟುತ್ತದೆ. ಬ್ಯಾರೆಲ್ ಅಂದರೆ ಸ್ಕೂಟರಿನ ಟೈರ್ ಇದ್ದ ಹಾಗೆ, ಸವೆಯುವ ಸಾಮಾನು. ಬದಲಾಯಿಸುವ ಖರ್ಚನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಒಂದು ಮ್ಯಾಚ್ ಗುಂಡಿನ ಬೆಲೆಯನ್ನು 3000ದಿಂದ ಗುಣಿಸಿ. ಬರುವ ಮೊತ್ತದ ಮುಂದೆ ಎರಡು ರೈಫಲ್‌ಗಳ ಬೆಲೆಯ ವ್ಯತ್ಯಾಸ ಚಿಕ್ಕದಾಗಿ ಕಾಣುತ್ತದೆ. ಗುಂಡಿಗೆ ದುಡ್ಡು ಉಳಿಸದೆ ರೈಫಲ್ಲಿಗೇ ಎಲ್ಲ ಸುರಿಯುವವರು ವರ್ಷವಿಡೀ ಅದನ್ನು ಒರೆಸುತ್ತಾ ಕೂರಬೇಕಾಗುತ್ತದೆ.

ಹೆಜ್ಜೆ 4: "ಸಬ್-ಎಂಓಎ ಗ್ಯಾರಂಟಿ" ಓದುವುದನ್ನು ಕಲಿಯಿರಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಎಂಓಎ ಅಂದರೆ ಒಂದು ಡಿಗ್ರಿಯನ್ನು ಅರವತ್ತು ಭಾಗ ಮಾಡಿದರೆ ಅದರಲ್ಲೊಂದು. 100 ಮೀಟರಿನಲ್ಲಿ ಅದು ಸುಮಾರು 29 ಮಿ.ಮೀ. ಅಂದರೆ ಒಂದು ಎಂಓಎ ರೈಫಲ್ ಹೊಡೆದ ಗುಂಡುಗಳಲ್ಲಿ ಅತಿ ದೂರ ಇರುವ ಎರಡು ತೂತುಗಳ ಮಧ್ಯದಿಂದ ಮಧ್ಯಕ್ಕೆ ಅಳೆದರೆ 29 ಮಿ.ಮೀ. ಬರಬೇಕು. ಸಬ್-ಎಂಓಎ ಅಂದರೆ ಅದಕ್ಕಿಂತ ಕಡಿಮೆ. ಎಷ್ಟು ಗುಂಡು ಹೊಡೆದ ಮೇಲೆ? ಈ ಪ್ರಶ್ನೆಯನ್ನೇ ಜಾಹೀರಾತು ಮುಚ್ಚಿಡುವುದು.

ಗುಂಡು ಹೆಚ್ಚಿದಷ್ಟೂ ಗ್ರೂಪ್ ದೊಡ್ಡದಾಗುತ್ತದೆ. ರೈಫಲ್ ಕೆಟ್ಟಿತು ಅಂತಲ್ಲ, ಲೆಕ್ಕವೇ ಹಾಗೆ. ಒಂದೇ ರೈಫಲ್, ಒಂದೇ ಗುಂಡು, ಒಂದೇ ಶೂಟರ್ ಅಂದುಕೊಳ್ಳಿ. 3 ಗುಂಡಿನ ಗ್ರೂಪ್ ಸರಾಸರಿ 1 ಎಂಓಎ ಬಂದರೆ, 5 ಗುಂಡಿನದು ಸರಾಸರಿ 1.27 ಬರುತ್ತದೆ, 10 ಗುಂಡಿನದು 1.58. ಹಾಗಾದರೆ ಒಬ್ಬ ತಯಾರಕ "3 ಗುಂಡಿಗೆ 0.7 ಎಂಓಎ" ಅಂತಾನೆ, ಇನ್ನೊಬ್ಬ "10 ಗುಂಡಿಗೆ 1 ಎಂಓಎ" ಅಂತಾನೆ. ಯಾವುದು ಮೇಲು? ಮೊದಲನೆಯದನ್ನು 10 ಗುಂಡಿಗೆ ಎಳೆದರೆ 1.1 ಆಗುತ್ತದೆ. ಎರಡನೆಯದೇ ಮೇಲು.

ಇನ್ನೊಂದು ತೊಂದರೆ ಇದೆ. 3 ಗುಂಡಿನ ಗ್ರೂಪ್ ವಿಪರೀತ ಏರಿಳಿಯುತ್ತದೆ. ಅದೇ ರೈಫಲ್, ಅದೇ ಪೆಟ್ಟಿಗೆಯ ಗುಂಡು, ಒಮ್ಮೆ 0.6 ಬರುತ್ತದೆ, ಇನ್ನೊಮ್ಮೆ 1.2. ಎರಡೂ ನಿಜವೇ. ಫೋಟೋ ತೆಗೆಯುವುದು ಮಾತ್ರ 0.6ರದ್ದು.

ಹಾಗಾಗಿ ಗ್ಯಾರಂಟಿಯ ಕಾಗದದಲ್ಲಿ ಇಷ್ಟನ್ನು ಹುಡುಕಿ: ಎಷ್ಟು ಗುಂಡಿನ ಗ್ರೂಪ್, ಎಷ್ಟು ಗ್ರೂಪ್‌ಗಳ ಸರಾಸರಿ, ಯಾವ ಬ್ರ್ಯಾಂಡಿನ ಎಷ್ಟು ಗ್ರೇನ್ ಗುಂಡು, ಎಷ್ಟು ದೂರ, ಕೈಯಲ್ಲಿ ಹಿಡಿದು ಹೊಡೆದದ್ದಾ ಅಥವಾ ಯಂತ್ರಕ್ಕೆ ಬಿಗಿದು ಹೊಡೆದದ್ದಾ. ಇದ್ಯಾವುದೂ ಬರೆದಿಲ್ಲ ಅಂದರೆ ಆ ಗ್ಯಾರಂಟಿಗೆ ಶೂನ್ಯ ಅಂಕ ಕೊಟ್ಟು ಮುಂದೆ ಹೋಗಿ. "ಪರಿಣತ ಶೂಟರ್ ಕೈಯಲ್ಲಿ" ಎಂಬ ಸಾಲಿದ್ದರಂತೂ ನಗು ಬರುತ್ತದೆ. ದೂರು ಕೊಟ್ಟ ಯಾವ ಗಿರಾಕಿಯೂ ಪರಿಣತ ಅನ್ನಿಸಿಕೊಳ್ಳುವುದಿಲ್ಲ.

ಸಾಧ್ಯವಾದರೆ ಮೀನ್ ರೇಡಿಯಸ್ ಕೇಳಿ. ಗ್ರೂಪಿನ ನಡುಮಧ್ಯದಿಂದ ಒಂದೊಂದು ತೂತಿಗೂ ಇರುವ ದೂರದ ಸರಾಸರಿ ಅದು. ಮಾಮೂಲಿ ಅಳತೆ ಬರೀ ಎರಡು ಅತಿ ಕೆಟ್ಟ ಗುಂಡುಗಳನ್ನು ನೋಡುತ್ತದೆ, ಇದು ಎಲ್ಲವನ್ನೂ ನೋಡುತ್ತದೆ. ಎರಡು ರೈಫಲ್ ಹೋಲಿಸಲು ಇದೇ ವಾಸಿ.

ಹೆಜ್ಜೆ 5: ಬ್ಯಾರೆಲ್, ಗ್ಯಾಸ್, ಟ್ರಿಗರ್

ಬ್ಯಾರೆಲ್ ಹ್ಯಾಂಡ್‌ಗಾರ್ಡನ್ನು (ಮುಂದಿನ ಕೈ ಹಿಡಿಯುವ ಹೊದಿಕೆ) ಎಲ್ಲೂ ಮುಟ್ಟಬಾರದು. ಇದನ್ನು ಫ್ರೀ-ಫ್ಲೋಟ್ ಅನ್ನುತ್ತಾರೆ. ಮುಟ್ಟಿದರೆ ಬೈಪಾಡ್ (ಎರಡು ಕಾಲಿನ ಆಸರೆ) ಮೇಲೆ ಭಾರ ಹಾಕಿದಾಗ ಒಂದು ಕಡೆ ಹೊಡೆಯುತ್ತದೆ, ಮರಳಿನ ಚೀಲದ ಮೇಲೆ ಇಟ್ಟಾಗ ಇನ್ನೊಂದು ಕಡೆ. ಅಂಗಡಿಯಲ್ಲೇ ನೋಡಬಹುದು. ಹ್ಯಾಂಡ್‌ಗಾರ್ಡಿನ ತುದಿಯನ್ನು ಹಿಡಿದು ಸ್ವಲ್ಪ ಒತ್ತಿ. ಬಾಗುತ್ತಿದ್ದರೆ, ಕಿರಕಿರ ಅನ್ನುತ್ತಿದ್ದರೆ ಅದು ಪ್ರಿಸಿಷನ್ ರೈಫಲ್ ಅಲ್ಲ, ಹೆಸರು ಏನೇ ಇರಲಿ.

ಬ್ಯಾರೆಲ್ ಹಿಂಬದಿ ರಿಸೀವರ್ (ಬೋಲ್ಟ್, ಟ್ರಿಗರ್ ಕೂರುವ ಮುಖ್ಯ ಭಾಗ) ಒಳಗೆ ಎಷ್ಟು ಬಿಗಿಯಾಗಿ ಕೂತಿದೆ ಅನ್ನುವುದೂ ಮುಖ್ಯ. ಒಳ್ಳೆಯ ತಯಾರಕರು ರಿಸೀವರನ್ನು ಬಿಸಿ ಮಾಡಿ ಬ್ಯಾರೆಲ್ ತೂರಿಸುವಷ್ಟು ಬಿಗಿ ಅಳತೆ ಇಡುತ್ತಾರೆ. ಇದು ಕ್ಯಾಟಲಾಗಿನಲ್ಲಿ ಸಿಗದಿದ್ದರೆ ಕೇಳಿ. ಸ್ಟೇನ್‌ಲೆಸ್ ಬ್ಯಾರೆಲ್ ಸಾಮಾನ್ಯವಾಗಿ ನಿಖರತೆಗೆ ಹೆಸರಾದದ್ದು, ಕ್ರೋಮ್ ಲೇಪದ್ದು ಬಾಳಿಕೆಗೆ. ಉದ್ದ 18ರಿಂದ 22 ಇಂಚಿನ ನಡುವೆ ಇದ್ದರೆ ಸಾಕು. .308ನಲ್ಲಿ ಒಂದು ಇಂಚು ಕಡಿಮೆಯಾದರೆ ಹೋಗುವುದು ಸೆಕೆಂಡಿಗೆ ಸುಮಾರು 20-25 ಅಡಿ ವೇಗ. ಅದಕ್ಕಾಗಿ ಜಗಳ ಆಡುವುದು ಸುಮ್ನೆ.

ಗ್ಯಾಸ್ ವ್ಯವಸ್ಥೆಯಲ್ಲಿ ಎರಡು ಪಂಗಡ. ಎಆರ್ ಜಾತಿಯಲ್ಲಿ ಬಹಳಷ್ಟು ರೈಫಲ್‌ಗಳು ಗ್ಯಾಸನ್ನು ಸಣ್ಣ ಕೊಳವೆಯಲ್ಲಿ ನೇರ ಬೋಲ್ಟ್ ಕ್ಯಾರಿಯರಿಗೆ ಕಳಿಸುತ್ತವೆ. ನೈಟ್ಸ್ ಕಂಪನಿಯ ಎಸ್‌ಆರ್-25 ಹೀಗೆ. ಎಚ್‌ಕೆ 417, ಜಿ28 ಪಿಸ್ಟನ್ ಬಳಸುತ್ತವೆ, ಅಂದರೆ ಗ್ಯಾಸ್ ಒಂದು ಸರಳನ್ನು ತಳ್ಳಿ, ಆ ಸರಳು ಕ್ಯಾರಿಯರನ್ನು ತಳ್ಳುತ್ತದೆ. ಪಿಸ್ಟನ್ ಒಳಭಾಗವನ್ನು ಸ್ವಚ್ಛವಾಗಿ ಇಡುತ್ತದೆ, ಆದರೆ ಬ್ಯಾರೆಲ್ ಮೇಲೆ ತೂಕ ಮತ್ತು ಅಲುಗಾಟ ಸೇರುತ್ತದೆ. ಗುರಿಹಲಗೆಗೆ ಮಾತ್ರ ಹೊಡೆಯುವವರಿಗೆ ನನ್ನ ಆಯ್ಕೆ ಮೊದಲನೆಯದು. ಹಗುರ, ಸರಳ, ಬಿಡಿಭಾಗ ಸುಲಭ.

ಪಂಗಡಕ್ಕಿಂತ ಮುಖ್ಯವಾದದ್ದು ಗ್ಯಾಸ್ ಹೊಂದಾಣಿಕೆ. ತಯಾರಕರು ಯಾವ ಗುಂಡು ಹಾಕಿದರೂ ಓಡಲಿ ಎಂದು ಗ್ಯಾಸನ್ನು ಬೇಕಾದ್ದಕ್ಕಿಂತ ಜಾಸ್ತಿ ಬಿಡುತ್ತಾರೆ. ಆಗ ಕ್ಯಾರಿಯರ್ ಜೋರಾಗಿ ಹಿಂದೆ ಬಡಿಯುತ್ತದೆ, ಸ್ಕೋಪಿನಲ್ಲಿ ಗುರಿ ಕೈತಪ್ಪಿ ಹೋಗುತ್ತದೆ, ಖಾಲಿ ಕೇಸುಗಳು ಜಜ್ಜಿಹೋಗುತ್ತವೆ. ಹೊಂದಿಸಬಹುದಾದ ಗ್ಯಾಸ್ ಬ್ಲಾಕ್ ಇದ್ದರೆ ನಿಮ್ಮ ಗುಂಡಿಗೆ ತಕ್ಕಂತೆ ಇಳಿಸಬಹುದು. ಎಆರ್ ರೈಫಲ್‌ನಲ್ಲಿ ಖಾಲಿ ಕೇಸ್ ಯಾವ ಕಡೆ ಬೀಳುತ್ತದೆ ನೋಡಿ. ನಳಿಗೆಯ ತುದಿಯನ್ನು ಗಡಿಯಾರದ 12 ಅಂತ ಇಟ್ಟುಕೊಂಡರೆ 3ರಿಂದ 4ರ ದಿಕ್ಕಿನಲ್ಲಿ, ಒಂದೇ ಜಾಗದಲ್ಲಿ ಗುಡ್ಡೆಯಾಗಿ ಬಿದ್ದರೆ ಸರಿ. 1ರ ಕಡೆಗೆ ಚಿಮ್ಮಿ ಹೋಗುತ್ತಿದ್ದರೆ ಗ್ಯಾಸ್ ಜಾಸ್ತಿ ಅನ್ನುವ ಗುಮಾನಿ ಪಡಬಹುದು.

ಟ್ರಿಗರಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಎರಡು ಹಂತದ ಟ್ರಿಗರ್, ಒಟ್ಟು 3.5ರಿಂದ 4.5 ಪೌಂಡ್. ಮೊದಲ ಹಂತ ಜಾರಿದ ಹಾಗೆ ಹೋಗಿ, ಎರಡನೇ ಹಂತದ ಗೋಡೆ ಬೆರಳಿಗೆ ಸ್ಪಷ್ಟವಾಗಿ ತಾಗಬೇಕು. ಅಂಗಡಿಯವರ ಅನುಮತಿ ಪಡೆದು, ಖಾಲಿ ಇದೆ ಎಂದು ಎರಡು ಸಲ ನೋಡಿ, ಸುರಕ್ಷಿತ ದಿಕ್ಕಿಗೆ ಹಿಡಿದು, ಹತ್ತು ಸಲ ಎಳೆದು ನೋಡಿ. ಹತ್ತೂ ಸಲ ಒಂದೇ ಥರ ಇರಬೇಕು. ಮಾಮೂಲಿ ಟ್ರಿಗರ್ ಕೆಟ್ಟದಿದ್ದರೆ ರೈಫಲ್ ತಿರಸ್ಕರಿಸಬೇಕಿಲ್ಲ. ಬದಲಾಯಿಸುವ ಬೆಲೆಯನ್ನು ಕೂಡಿಸಿ ಆಮೇಲೆ ಹೋಲಿಸಿ.

ಹೆಜ್ಜೆ 6: ಬಿಡಿಭಾಗ ಸಿಗುತ್ತದಾ?

ಎಆರ್-15ರ ಬಿಡಿಭಾಗಗಳು ಒಂದು ಕಂಪನಿಯದ್ದು ಇನ್ನೊಂದಕ್ಕೆ ಹೆಚ್ಚಾಗಿ ಕೂರುತ್ತವೆ. .308 ಗಾತ್ರದ ಎಆರ್-10 ಜಾತಿಯಲ್ಲಿ ಹಾಗಿಲ್ಲ. ಯೂಜಿನ್ ಸ್ಟೋನರ್ 1950ರ ದಶಕದಲ್ಲಿ ಎಆರ್-10 ರೂಪಿಸಿದ್ದೇ ಮೊದಲು, ಎಆರ್-15 ಹುಟ್ಟಿದ್ದು ಅದರಿಂದ. ಆದರೂ ದೊಡ್ಡಣ್ಣನಿಗೆ ಒಂದು ಸಾಮಾನ್ಯ ಅಳತೆ ಕೂಡಿ ಬರಲೇ ಇಲ್ಲ. ಇವತ್ತು ಮುಖ್ಯವಾಗಿ ಡಿಪಿಎಂಎಸ್ ಮಾದರಿ, ಆರ್ಮಲೈಟ್ ಮಾದರಿ ಎಂಬ ಎರಡು ದಾರಿಗಳಿವೆ, ಜೊತೆಗೆ ಕಂಪನಿಗಳ ಸ್ವಂತ ದಾರಿಗಳು. ಬ್ಯಾರೆಲ್, ಬೋಲ್ಟ್, ಹ್ಯಾಂಡ್‌ಗಾರ್ಡ್ ಅದಲುಬದಲಾಗುವುದಿಲ್ಲ.

ಹಾಗಾಗಿ ಮೂರು ಪ್ರಶ್ನೆ ಕೇಳಿ. ಬ್ಯಾರೆಲ್ ಸವೆದರೆ ಬದಲಿ ಯಾರು ಕೊಡುತ್ತಾರೆ? ಹೆಚ್ಚುವರಿ ಬೋಲ್ಟ್ ಈಗಲೇ ಸಿಗುತ್ತದಾ? ಮ್ಯಾಗಜೀನ್ ಯಾವ ಮಾದರಿ? ಎಸ್‌ಆರ್-25 ಮಾದರಿಯ ಮ್ಯಾಗಜೀನ್ ತೆಗೆದುಕೊಳ್ಳುವ ರೈಫಲ್ಲಿಗೆ ಕೊರತೆ ಆಗುವುದಿಲ್ಲ. ಗುಂಡನ್ನು ಕೈಯಲ್ಲೇ ತುಂಬಿಸಿಕೊಳ್ಳುವ ಹವ್ಯಾಸ ಇದ್ದರೆ ಮ್ಯಾಗಜೀನಿನ ಒಳ ಉದ್ದವನ್ನೂ ಅಳೆಯಿರಿ. ಉದ್ದನೆಯ ಗುಂಡು ಅದರಲ್ಲಿ ಹಿಡಿಯದಿದ್ದರೆ ಒಂದೊಂದೇ ಹಾಕಿ ಹೊಡೆಯಬೇಕು. ಆಗ ಸೆಮಿ-ಆಟೋ ಕೊಂಡದ್ದೇಕೆ, ಅಲ್ವಾ?

ಎಂ1ಎ (ಅಮೆರಿಕದ ಹಳೆಯ ಸೇನಾ ರೈಫಲ್ ಎಂ14ರ ನಾಗರಿಕ ರೂಪ) ರೈಫಲ್ಲಿಗೆ ಮನಸೋತವರಿಗೆ ಒಂದು ಮಾತು. ನೋಡಲು ಬಲು ಚೆಂದ, ಸ್ಕೋಪ್ ಇಲ್ಲದೆ ಕಬ್ಬಿಣದ ಸೈಟಿನಲ್ಲಿ ಹೊಡೆಯಲು ಇನ್ನೂ ಚೆಂದ. ಆದರೆ ಸ್ಕೋಪ್ ಎತ್ತರದಲ್ಲಿ ಕೂರುತ್ತದೆ, ಕೆನ್ನೆಗೆ ಆಸರೆ ಬೇರೆ ಮಾಡಿಕೊಳ್ಳಬೇಕು. ನಿಖರತೆ ಕಾಪಾಡಲು ಸ್ಟಾಕಿನ ಬೆಡ್ಡಿಂಗ್ (ರೈಫಲ್ ಅಲುಗದಂತೆ ಸ್ಟಾಕಿನೊಳಗೆ ಬಿಗಿಯಾಗಿ ಕೂರಿಸುವ) ಕೆಲಸವೂ ಬರುತ್ತದೆ. ಪ್ರೀತಿಗೆ ಕೊಳ್ಳುವುದಾದರೆ ಕೊಳ್ಳಿ.

ಹೆಜ್ಜೆ 7: ತೂಕ ಮತ್ತು ಸ್ಕೋಪನ್ನು ಸೇರಿಸಿಯೇ ಹೋಲಿಸಿ

ಕ್ಯಾಟಲಾಗಿನ ತೂಕ ಬರಿಮೈ ರೈಫಲ್ಲಿನದ್ದು. .308 ಗಾತ್ರದ್ದು ಸಾಮಾನ್ಯವಾಗಿ 4ರಿಂದ 5 ಕಿಲೋ. ಸ್ಕೋಪ್, ಮೌಂಟ್, ಬೈಪಾಡ್, ತುಂಬಿದ ಮ್ಯಾಗಜೀನ್ ಸೇರಿದರೆ 6-7 ಕಿಲೋ. ಬೆಂಚಿನ ಮೇಲಿಟ್ಟು ಹೊಡೆಯುವವರಿಗೆ ಭಾರ ಒಳ್ಳೆಯದೇ, ಒದೆತ ತಗ್ಗುತ್ತದೆ. ಎದ್ದು ನಿಂತು, ಜಾಗ ಬದಲಿಸಿ ಹೊಡೆಯುವವರು ಅಷ್ಟೇ ತೂಕದ ಏನನ್ನಾದರೂ ಹತ್ತು ನಿಮಿಷ ಭುಜಕ್ಕೆ ಹಿಡಿದು ನೋಡಲಿ.

ಸ್ಕೋಪಿನ ಕ್ಲಿಕ್ಕು ಮತ್ತು ಒಳಗಿನ ಗೆರೆ ಎರಡೂ ಒಂದೇ ಅಳತೆಯಲ್ಲಿರಲಿ: ಎರಡೂ ಎಂಓಎ, ಇಲ್ಲವೇ ಎರಡೂ ಮಿಲ್ (ಕೋನದ ಇನ್ನೊಂದು ಅಳತೆ). ಮಿಲ್ ಸ್ಕೋಪಿನ 0.1ರ ಒಂದು ಕ್ಲಿಕ್ಕು 100 ಮೀಟರಿನಲ್ಲಿ ಸರಿಯಾಗಿ 1 ಸೆಂ.ಮೀ. ಮೀಟರಿನಲ್ಲಿ ಯೋಚಿಸುವವರಿಗೆ ಇದು ಸಲೀಸು. ಸ್ಕೋಪಿಗೆ ರೈಫಲ್ ಬೆಲೆಯ ಅರ್ಧವಾದರೂ ಎತ್ತಿಡಿ. ಮಂದ ಗಾಜಿನ ಹಿಂದೆ ಎಂಥ ಬ್ಯಾರೆಲ್ಲೂ ದಂಡ.

ಹೆಜ್ಜೆ 8: ರೇಂಜಿನಲ್ಲಿ ಪಕ್ಕಪಕ್ಕ ಇಟ್ಟು ಪರೀಕ್ಷೆ

ಇಷ್ಟು ಸೋಸಿದ ಮೇಲೆ ಎರಡು ಅಥವಾ ಮೂರು ರೈಫಲ್ ಉಳಿದಿರುತ್ತವೆ. ಕ್ಲಬ್ಬಿನಲ್ಲಿ ಅದೇ ಮಾದರಿ ಇಟ್ಟುಕೊಂಡವರನ್ನು ಕೇಳಿ. ಶೂಟರ್‌ಗಳಿಗೆ ತಮ್ಮ ರೈಫಲ್ ತೋರಿಸುವ ಖುಷಿ ಇದ್ದೇ ಇರುತ್ತದೆ, ಗುಂಡು ನೀವು ತಂದರಾಯಿತು.

ಎಲ್ಲ ರೈಫಲ್ಲಿಗೂ ಒಂದೇ ಲಾಟ್ ನಂಬರಿನ ಮ್ಯಾಚ್ ಗುಂಡು, ಒಂದೇ ಬೆಂಚು, ಅದೇ ಚೀಲ, ಅದೇ ದಿನ. ಸಾಧ್ಯವಾದರೆ ಅದೇ ಸ್ಕೋಪ್. 100 ಮೀಟರ್ ಸಾಕು. ದೂರ ಹೋದಷ್ಟೂ ನೀವು ರೈಫಲ್ ಬಿಟ್ಟು ಗಾಳಿಯನ್ನು ಅಳೆಯುತ್ತೀರಿ. 600 ಮೀಟರಿನಲ್ಲಿ ಗಂಟೆಗೆ 16 ಕಿ.ಮೀ. ಅಡ್ಡಗಾಳಿ ಗುಂಡನ್ನು ಅರ್ಧ ಮೀಟರಿಗಿಂತ ಜಾಸ್ತಿ ತಳ್ಳುತ್ತದೆ. ಅದರ ಮುಂದೆ ಕಾಲು ಎಂಓಎ ವ್ಯತ್ಯಾಸ ಎಲ್ಲಿ ಕಾಣಬೇಕು?

ಪ್ರತಿ ರೈಫಲ್ಲಿಗೂ 10 ಗುಂಡಿನ ಎರಡು ಗ್ರೂಪ್ ಹೊಡೆಯಿರಿ. ಮಧ್ಯೆ ಬ್ಯಾರೆಲ್ ತಣ್ಣಗಾಗಲು ಬಿಡಿ. ಎಡವಟ್ಟಾಗಿ ಹೊಡೆದೆ ಅಂತ ಯಾವ ಗುಂಡನ್ನೂ ಲೆಕ್ಕದಿಂದ ತೆಗೆಯಬೇಡಿ.

ಸೆಮಿ-ಆಟೋಗೆ ಮಾತ್ರ ಅನ್ವಯಿಸುವ ಒಂದು ಸಂಗತಿ ಇಲ್ಲಿ ಕಣ್ಣಿಗೆ ಬೀಳುತ್ತದೆ. ಮೊದಲ ಗುಂಡನ್ನು ನೀವು ಕೈಯಿಂದ ಚೇಂಬರಿಗೆ ಕಳಿಸುತ್ತೀರಿ. ಉಳಿದವನ್ನು ರೈಫಲ್ ತಾನೇ ತುಂಬಿಕೊಳ್ಳುತ್ತದೆ. ಬೋಲ್ಟ್ ಮುಚ್ಚುವ ಜೋರು ಎರಡರಲ್ಲೂ ಒಂದೇ ಇರುವುದಿಲ್ಲ. ಕೆಲವು ರೈಫಲ್‌ಗಳು ಮೊದಲ ಗುಂಡನ್ನು ಉಳಿದ ಒಂಬತ್ತರಿಂದ ದೂರ ಎಸೆಯುತ್ತವೆ. ಮೊದಲ ತೂತಿನ ಸುತ್ತ ಪೆನ್ಸಿಲಿನಿಂದ ಒಂದು ಗುರುತು ಹಾಕಿ. ಎರಡೂ ಗ್ರೂಪಿನಲ್ಲಿ ಅದೇ ದಿಕ್ಕಿಗೆ ಹೊರಗೆ ಬಿದ್ದಿದ್ದರೆ ಆ ರೈಫಲ್ಲಿನ ಚಾಳಿ ಅದು. ಬೋಲ್ಟನ್ನು ಕೈಯಲ್ಲಿ ಹಿಡಿದು ನಿಧಾನ ಬಿಡಬೇಡಿ, ಪೂರ್ತಿ ಎಳೆದು ಬಿಟ್ಟುಬಿಡಿ. ಆಗಲೂ ಅದೇ ಆದರೆ ಅಂಕ ಕಳೆಯಿರಿ.

ಜಾಮ್ ಆಯಿತಾ, ಯಾವ ಗುಂಡಿಗೆ ಆಯಿತು, ಯಾವ ಮ್ಯಾಗಜೀನ್‌ನಲ್ಲಿ, ಬರೆದಿಡಿ. 20 ಗುಂಡಿನಲ್ಲಿ ಒಂದು ಸಲ ಸಿಕ್ಕಿಹಾಕಿಕೊಳ್ಳುವ 0.8 ಎಂಓಎ ರೈಫಲ್‌ಗಿಂತ, ಸರಾಗವಾಗಿ ಓಡುವ 1.1 ಎಂಓಎ ರೈಫಲ್ಲೇ ನನಗೆ ಇಷ್ಟ. ಪಂದ್ಯದಲ್ಲಿ ಜಾಮ್ ಬಿಡಿಸುವ ಹೊತ್ತಿಗೆ ಗಂಟೆ ಹೊಡೆದಿರುತ್ತದೆ.

ಹೆಜ್ಜೆ 9: ಸೆಕೆಂಡ್ ಹ್ಯಾಂಡ್ ಆದರೆ

"ಹೆಚ್ಚು ಹೊಡೆದಿಲ್ಲ" ಎಂಬುದು ಎಲ್ಲ ಮಾರಾಟಗಾರರ ಮಾತು. ಬೋರ್‌ಸ್ಕೋಪ್ ಇರುವ ಗನ್‌ಸ್ಮಿತ್ ಹತ್ತಿರ ಒಯ್ದು ಚೇಂಬರಿನ ಮುಂದಿನ ಭಾಗ ತೋರಿಸಿ. ಅಲ್ಲಿ ಒಣಗಿದ ಕೆರೆಯ ಕೆಸರಿನಂಥ ಬಿರುಕುಗಳು ಉದ್ದಕ್ಕೂ ಹರಡಿದ್ದರೆ ಬ್ಯಾರೆಲ್ ಮುಗಿಯುತ್ತಾ ಬಂದಿದೆ. ಹೆಡ್‌ಸ್ಪೇಸ್ (ಮುಚ್ಚಿದ ಬೋಲ್ಟಿಗೂ ಚೇಂಬರಿಗೂ ಇರಬೇಕಾದ ಅಂತರ) ಅಳೆಯುವ ಗೇಜ್ ಹಾಕಿಸಿ. ಬೋಲ್ಟಿನ ಹಲ್ಲುಗಳ ಬುಡದಲ್ಲಿ ಬಿರುಕು ಇದೆಯಾ ಅಂತ ಬೆಳಕಿನಲ್ಲಿ ನೋಡಿ. ನೇರ ಗ್ಯಾಸಿನ ಎಆರ್ ಆದರೆ ಕ್ಯಾರಿಯರ್ ಮೇಲೆ ಗ್ಯಾಸ್ ಕೀ ಎಂಬ ಸಣ್ಣ ತುಂಡು ಎರಡು ಸ್ಕ್ರೂಗಳಲ್ಲಿ ಕೂತಿರುತ್ತದೆ. ಸ್ಕ್ರೂ ಬಿಚ್ಚಿಕೊಳ್ಳದಂತೆ ಪಕ್ಕದ ಲೋಹವನ್ನು ಗುದ್ದಿ ಒಳಕ್ಕೆ ಒತ್ತಿರಬೇಕು. ಗುದ್ದಿದ ಗುರುತು ಆಳವಾಗಿಲ್ಲದಿದ್ದರೆ ಸ್ಕ್ರೂ ಸಡಿಲವಾಗಿ ಗ್ಯಾಸ್ ಸೋರುತ್ತದೆ, ರೈಫಲ್ ಅರ್ಧಕ್ಕೆ ನಿಲ್ಲಲು ಶುರುಮಾಡುತ್ತದೆ. ಇದೊಂದನ್ನು ನೋಡಿದರೆ ಜೋಡಿಸಿದವನ ಕೈಕೆಲಸ ಎಂಥದ್ದು ಅಂತಲೂ ಗೊತ್ತಾಗುತ್ತದೆ.

ಹೆಜ್ಜೆ 10: ದುಡ್ಡು ಕೊಡುವ ದಿನ

ರಿಸೀವರ್ ಮೇಲಿನ ನಂಬರ್ ಮತ್ತು ಕಾಗದದ ನಂಬರ್ ಒಂದೊಂದೇ ಅಂಕಿ ಓದಿ ತಾಳೆ ನೋಡಿ. ಬ್ಯಾರೆಲ್ ಮೇಲೆ ಕೆತ್ತಿದ ಚೇಂಬರ್ ಮತ್ತು ಟ್ವಿಸ್ಟ್ ನೀವು ಕೇಳಿದ್ದೇನಾ ಎಂದು ಖಾತ್ರಿ ಮಾಡಿಕೊಳ್ಳಿ. ಗ್ಯಾರಂಟಿ ಯಾವ ಗುಂಡಿಗೆ, ಎಷ್ಟು ಗುಂಡಿನ ಗ್ರೂಪಿಗೆ ಎಂದು ಬಿಲ್ಲಿನ ಮೇಲೇ ಬರೆಸಿ. ಬೀಗ ಇರುವ ಉಕ್ಕಿನ ಕಪಾಟು, ಗುಂಡಿಗೆ ಬೇರೆ ಬೀಗದ ಪೆಟ್ಟಿಗೆ, ಚೇಂಬರ್ ಖಾಲಿ ಇದೆ ಎಂದು ತೋರಿಸುವ ಫ್ಲ್ಯಾಗ್, ಕಿವಿಗೆ ಮತ್ತು ಕಣ್ಣಿಗೆ ರಕ್ಷಣೆ, ಇವು ರೈಫಲ್‌ಗಿಂತ ಮುಂಚೆ ಮನೆಗೆ ಬಂದಿರಬೇಕು. ಮೊದಲ ಗುಂಡಿನಿಂದಲೇ ಒಂದು ನೋಟ್‌ಬುಕ್‌ನಲ್ಲಿ ಎಷ್ಟು ಹೊಡೆದಿರಿ ಎಂದು ಬರೆಯುತ್ತಾ ಬನ್ನಿ. ಬ್ಯಾರೆಲ್ ಯಾವಾಗ ಬದಲಿಸಬೇಕು ಅಂತ ನಿಮಗೆ ಅದರಿಂದ ತಿಳಿಯುತ್ತದೆ. ಮುಂದೆ ಮಾರುವ ದಿನ ಬಂದರೆ, ಕೊಳ್ಳುವವನೂ ಮೊದಲು ಅದನ್ನೇ ಕೇಳುತ್ತಾನೆ.